ಅಟ್ಟದಿಂದ ಇಳಿಸಿದ ಸ್ನಾರ್ಕೆಲ್ ಸಾಮಾನು: ಉಳಿಸಬಹುದಾ, ಎಸೆಯಬೇಕಾ?

ಜಯನಗರದ ಅಲೆಮಾರಿ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಸಹಾಯ ಬೇಕಿತ್ತು.

ಎರಡು ವರ್ಷದ ಹಿಂದೆ ಅಂಡಮಾನ್‌ಗೆ ಹೋಗುವ ಮೊದಲು ನನಗೂ ಹೆಂಡತಿಗೂ ಸ್ವಂತ ಸಾಮಾನು ಕೊಂಡಿದ್ದೆ. ನೀರೊಳಗೆ ನೋಡಲು ಮುಖಕ್ಕೆ ಹಾಕುವ ಎರಡು ಮಾಸ್ಕ್, ಮುಖ ನೀರಲ್ಲಿಟ್ಟು ತೇಲುವಾಗ ಉಸಿರಾಡುವ ಕೊಳವೆ ಅಂದರೆ ಸ್ನಾರ್ಕೆಲ್ ಎರಡು, ಈಜಲು ಪಾದಕ್ಕೆ ಹಾಕುವ ಫಿನ್ಸ್ ಒಂದು ಜೊತೆ. ಸ್ವರಾಜ್ ದ್ವೀಪ, ಶಹೀದ್ ದ್ವೀಪ ಎರಡರಲ್ಲೂ ಮನಸ್ಸು ತುಂಬುವಷ್ಟು ಬಳಸಿದೆವು. ವಾಪಸ್ ಬಂದ ದಿನ ಮಗಳಿಗೆ ಜ್ವರ. ಬ್ಯಾಗನ್ನು ಹಾಗೇ ಅಟ್ಟಕ್ಕೆ ಹಾಕಿದ್ದು, ಅಲ್ಲೇ ಮರೆತೆವು.

ಈಗ ನವೆಂಬರ್‌ನಲ್ಲಿ ಮುರ್ಡೇಶ್ವರಕ್ಕೆ ಹೋಗಿ ನೇತ್ರಾಣಿ ದ್ವೀಪ ನೋಡೋಣ ಅಂತ ಇದ್ದೇವೆ. ನಿನ್ನೆ ಬ್ಯಾಗ್ ಇಳಿಸಿ ಬಿಚ್ಚಿದರೆ ಹೊಟ್ಟೆ ಉರಿದುಹೋಯಿತು. ನೀರಿನಂತೆ ತಿಳಿಯಾಗಿದ್ದ ಮಾಸ್ಕಿನ ಸಿಲಿಕೋನ್ ಹಳದಿಯಾಗಿದೆ. ಅದರ ಮೇಲೆ ಫಿನ್ಸ್ ಕೂತಿದ್ದ ಕಡೆ ಕಪ್ಪು ಕಲೆ. ಸ್ನಾರ್ಕೆಲ್ ಬಾಯಿಗಿಡುವ ಭಾಗದ ಮಡಿಕೆಯಲ್ಲಿ ಕರಿಮೆಣಸಿನ ಪುಡಿ ಉದುರಿಸಿದ ಹಾಗೆ ಬೂಷ್ಟು. ಬಕಲ್ ಉಪ್ಪು ಕಟ್ಟಿ ಅಲುಗಾಡುವುದಿಲ್ಲ. ಒಂದು ಫಿನ್‌ನ ತುದಿ ಬಾಗಿ ಹಾಗೇ ಗಟ್ಟಿಯಾಗಿದೆ.

ಇನ್ನೊಂದು ಪ್ರಶ್ನೆ. ಮಗಳಿಗೆ ಈಗ ಹತ್ತು ವರ್ಷ. ಅವಳಿಗೆ ಹೊಸ ಮಾಸ್ಕ್ ತಂದೆ. ಹಾಕಿಕೊಂಡು ಒಂದು ನಿಮಿಷ ಆಗುವುದರೊಳಗೆ ಗಾಜಿನ ತುಂಬಾ ಆವಿ. ಹೊಸದೇ ಹೀಗಾದರೆ ಹೇಗೆ?

ಯಾವುದು ಉಳಿಸಬಹುದು, ಯಾವುದು ಎಸೆಯಬೇಕು, ದಯವಿಟ್ಟು ಹೇಳಿ.

ಗುಬ್ಬಿಗೂಡು

ಬೂಷ್ಟು ಬಂದ ಸ್ನಾರ್ಕೆಲ್ ಎಸೆದುಬಿಡಿ ಸರ್. ಅದರಲ್ಲೇ ಉಸಿರಾಡಬೇಕು ಅಲ್ವಾ?

ಕಡಲತಡಿ

ಅವಸರ ಬೇಡ. ಹಳದಿ ಬಣ್ಣ ನೋಡಿ ಯಾರೂ ಮಾಸ್ಕ್ ಎಸೆಯಬಾರದು. ತಿಳಿ ಸಿಲಿಕೋನ್ ಬಿಸಿಲು, ಮುಖದ ಎಣ್ಣೆ, ವಯಸ್ಸು ಎಲ್ಲ ಸೇರಿ ಹಳದಿ ಆಗಿಯೇ ಆಗುತ್ತದೆ. ಕೆಲಸಕ್ಕೆ ತೊಂದರೆ ಇಲ್ಲ. ಕಪ್ಪು ಕಲೆ ಕೂಡ ಹಾಗೇ. ಕಪ್ಪು ರಬ್ಬರ್ ತಾಗಿದ ಕಡೆ ತಿಳಿ ಸಿಲಿಕೋನ್ ಬಣ್ಣ ಎಳೆದುಕೊಳ್ಳುತ್ತದೆ. ಉಜ್ಜಿದರೂ ಹೋಗುವುದಿಲ್ಲ, ಸುಮ್ನೆ ಕೈ ನೋಯಿಸಿಕೊಳ್ಳಬೇಡಿ. ಮುಂದಿನ ಸಲ ಮಾಸ್ಕನ್ನು ಅದರ ಡಬ್ಬಿಯಲ್ಲೇ ಇಡಿ, ಮೇಲೆ ಬೇರೇನೂ ಹೇರಬೇಡಿ. ಅಂಚು ಒತ್ತಿ ಮಡಚಿಕೊಂಡೇ ತಿಂಗಳುಗಟ್ಟಲೆ ಇದ್ದರೆ ಆ ಮಡಿಕೆ ಉಳಿದುಬಿಡುತ್ತದೆ. ಆಮೇಲೆ ಅಲ್ಲಿಂದಲೇ ನೀರು ಬರುತ್ತದೆ.

ನೋಡಬೇಕಾದದ್ದು ಎರಡೇ. ಅಂಚನ್ನು ಬೆರಳಿನಲ್ಲಿ ಮೆಲ್ಲಗೆ ಎಳೆದು ಬೆಳಕಿಗೆ ಹಿಡಿಯಿರಿ. ಸಣ್ಣ ಸೀಳು ಇದೆಯಾ? ಆಮೇಲೆ ಸ್ಟ್ರಾಪ್ ಹಾಕದೆ ಮಾಸ್ಕನ್ನು ಮುಖಕ್ಕಿಟ್ಟು ಮೂಗಿನಲ್ಲಿ ಉಸಿರು ಎಳೆದುಕೊಳ್ಳಿ. ಕೈಬಿಟ್ಟರೂ ಬೀಳದೆ ಅಂಟಿಕೊಂಡಿದ್ದರೆ ಆ ಮಾಸ್ಕ್ ಇನ್ನೂ ವರ್ಷಗಟ್ಟಲೆ ಬರುತ್ತದೆ. ಮಗಳ ಮಾಸ್ಕಿಗೂ ಇದೇ ಪರೀಕ್ಷೆ ಮಾಡಿ.

ಡಾಕ್ಟರಮ್ಮ ಮೈಸೂರು

ಬೂಷ್ಟಿನ ವಿಷಯಕ್ಕೆ ನಾನು ಹೇಳುತ್ತೇನೆ. ಒಂದು ಲೋಟ ಬಿಳಿ ವಿನೆಗರ್‌ಗೆ ಎರಡು ಲೋಟ ಉಗುರು ಬೆಚ್ಚಗಿನ ನೀರು. ಅರ್ಧ ಗಂಟೆ ನೆನೆಸಿ. ಮಕ್ಕಳ ಹಾಲಿನ ಬಾಟಲಿ ತೊಳೆಯುವ ಉದ್ದ ಬ್ರಷ್‌ನಲ್ಲಿ ಕೊಳವೆಯ ಒಳಗೆ ಉಜ್ಜಿ. ಪಾತ್ರೆ ತೊಳೆಯುವ ಸೋಪಿನ ನೀರಿನಲ್ಲಿ ಇನ್ನೊಮ್ಮೆ ತೊಳೆದು, ಹರಿಯುವ ನೀರು ಚೆನ್ನಾಗಿ ಬಿಡಿ. ಕಪ್ಪು ಚುಕ್ಕೆ ಪೂರ್ತಿ ಹೋದರೆ ಸರಿ. ಹೋಗದೆ ಸಿಲಿಕೋನ್‌ನ ಒಳಗೆ ಇಳಿದಿದ್ದರೆ ಆ ಮೌತ್‌ಪೀಸ್ ಬದಲಿಸಿ. ಬಾಯಿಗಿಡುವ ಭಾಗ ಮಾತ್ರ ಬೇರೆ ಸಿಗುತ್ತದೆ, ಇಡೀ ಸ್ನಾರ್ಕೆಲ್ ಎಸೆಯಬೇಕಾಗಿಲ್ಲ. ಗುಬ್ಬಿಗೂಡು ಅವರ ಕಾಳಜಿ ಸರಿಯೇ. ಆಸ್ತಮಾ ಇರುವವರು ಮನೆಯಲ್ಲಿದ್ದರೆ ನಾನೂ ಎಸೆಯಿರಿ ಅಂತಲೇ ಹೇಳುತ್ತೇನೆ.

ಒಂದು ಮಾತು ಮಾತ್ರ ಮರೆಯಬೇಡಿ. ವಿನೆಗರ್ ಹಾಕಿದ ಬಕೆಟ್‌ಗೆ ಬ್ಲೀಚ್ ಸುರಿಯಬೇಡಿ. ಎರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಮುಚ್ಚಿದ ಬಚ್ಚಲುಮನೆಯಲ್ಲಿ ಅದು ಪ್ರಾಣಕ್ಕೇ ಅಪಾಯ.

ಗುಬ್ಬಿಗೂಡು

ಧನ್ಯವಾದ ಮೇಡಂ. ನನಗೇ ಆಸ್ತಮಾ ಇದೆ, ಅದಕ್ಕೇ ಹಾಗೆ ಹೇಳಿದೆ.

ದೋಣಿ ಮಾಣಿ

ನಾನು ಮುರ್ಡೇಶ್ವರದವನು. ನೇತ್ರಾಣಿಗೆ ಜನ ಕರೆದುಕೊಂಡು ಹೋಗುವ ದೋಣಿಯಲ್ಲಿ ಆರು ಸೀಸನ್ ಸಾಮಾನು ನೋಡಿಕೊಂಡಿದ್ದೇನೆ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡ್ಕೋಬೇಡಿ ಮಾರಾಯ್ರೇ.

ಸಾಮಾನು ಹಾಳಾಗುವುದು ಸಮುದ್ರದಲ್ಲಿ ಅಲ್ಲ. ದಡಕ್ಕೆ ಬಂದ ಮೇಲೆ. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಹತ್ತಿರ ಹತ್ತಿರ 35 ಗ್ರಾಂ ಉಪ್ಪು ಇರುತ್ತದೆ. ನೀರು ಆರಿದರೂ ಉಪ್ಪು ಅಲ್ಲೇ ಉಳಿಯುತ್ತದೆ. ಬಕಲ್ ಒಳಗೆ, ವಾಲ್ವ್ ಒಳಗೆ, ಗಾಜು ಮತ್ತು ಚೌಕಟ್ಟು ಸೇರುವ ಸಂದಿಯಲ್ಲಿ ಹರಳು ಕಟ್ಟುತ್ತದೆ. ಒಮ್ಮೆ ಹರಳು ಕಟ್ಟಿದ ಮೇಲೆ ನಲ್ಲಿ ಕೆಳಗೆ ಹಿಡಿದು ಎರಡು ಸಲ ಅಲ್ಲಾಡಿಸಿದರೆ ಹೋಗುವುದಿಲ್ಲ. ಅದಕ್ಕೇ ದೋಣಿ ಇಳಿದ ತಕ್ಷಣ ನಾವು ಎಲ್ಲವನ್ನೂ ಸಿಹಿನೀರಿನ ಡ್ರಮ್‌ಗೆ ಹಾಕುವುದು. ಒಣಗುವ ಮೊದಲೇ ಹಾಕಬೇಕು, ಗುಟ್ಟು ಅಷ್ಟೇ. ಡ್ರಮ್ಮಿನಲ್ಲಿ ಅರ್ಧ ಗಂಟೆ. ನೀರಿನ ಒಳಗೇ ಬಕಲ್ ಒತ್ತಿ ಬಿಡಬೇಕು, ಸ್ಟ್ರಾಪ್ ಹಿಂದೆ ಮುಂದೆ ಎಳೆಯಬೇಕು. ಬಾಡಿಗೆಯ ಮೌತ್‌ಪೀಸ್‌ಗಳಿಗೆ ಬೇರೆಯೇ ಡ್ರಮ್ ಇದೆ, ಸೋಂಕು ತೆಗೆಯುವ ಮದ್ದು ಹಾಕಿದ್ದು.

ಆಮೇಲೆ ನೆರಳಲ್ಲಿ ಒಣಗಿಸುವುದು. ಬಂದವರು ಮಾಡುವ ತಪ್ಪು ಇಲ್ಲೇ. ಒದ್ದೆ ಮಾಸ್ಕನ್ನು ಕಾರಿನ ಹಿಂದಿನ ಗಾಜಿನ ಕೆಳಗೆ ಬಿಸಿಲಿಗೆ ಇಡುತ್ತಾರೆ. ಬಿಸಿಲು ಸಿಲಿಕೋನನ್ನೂ ತಿನ್ನುತ್ತದೆ, ರಬ್ಬರನ್ನೂ ತಿನ್ನುತ್ತದೆ. ಗಾಳಿಯಾಡುವ ನೆರಳು ಸಾಕು.

ಇನ್ನು ಸ್ನಾರ್ಕೆಲ್ ಕೆಳಗಿನ ವಾಲ್ವ್. ಒಳಗೆ ಬಂದ ನೀರನ್ನು ಊದಿ ಹೊರಹಾಕಲು ಒಂದು ತೆಳು ಬಿಲ್ಲೆ ಇರುತ್ತದೆ, ನಾಲ್ಕಾಣೆ ಅಗಲ. ಅದರ ಅಂಚಿನಲ್ಲಿ ಒಂದೇ ಒಂದು ಮರಳಿನ ಕಣ ಸಿಕ್ಕಿಕೊಂಡರೂ ಬಾಯಿಗೆ ನೀರು ಬರುತ್ತಲೇ ಇರುತ್ತದೆ. ಜನ ಸ್ನಾರ್ಕೆಲ್ ಕೆಟ್ಟಿದೆ ಅಂತ ವಾಪಸ್ ಕೊಡುತ್ತಾರೆ. ಬಾಯಿಯ ಕಡೆಯಿಂದ ನೀರು ಬಿಟ್ಟು ಬಿಲ್ಲೆಯನ್ನು ಬೆರಳಿನಲ್ಲಿ ಮೆಲ್ಲಗೆ ಎತ್ತಿ ತೊಳೆದರೆ ಸರಿಹೋಗುತ್ತದೆ. ಪಿನ್ನು, ಸೇಫ್ಟಿಪಿನ್ನು ಹಾಕಿ ಕೆದಕಬೇಡಿ. ಬಿಲ್ಲೆ ಹರಿದರೆ ಕಥೆ ಮುಗಿಯಿತು.

ಅಲೆಮಾರಿ ಸರ್, ನಿಮ್ಮ ಬಕಲ್ ಉಳಿಯುತ್ತದೆ. ಬಲ ಹಾಕಿ ಒತ್ತಿದರೆ ಮಾತ್ರ ಮುರಿಯುತ್ತದೆ. ಉಗುರು ಬೆಚ್ಚಗಿನ ನೀರಿನಲ್ಲಿ ರಾತ್ರಿಯಿಡೀ ಬಿಡಿ.

ಜಯನಗರದ ಅಲೆಮಾರಿ

ಎಲ್ಲರಿಗೂ ತುಂಬಾ ಧನ್ಯವಾದ. ಸ್ಟ್ರಾಪ್ ಇಲ್ಲದೆ ಅಂಟುವ ಪರೀಕ್ಷೆ ಮಾಡಿದೆ. ನನ್ನದು ನಿಂತಿತು, ಹೆಂಡತಿಯದೂ ನಿಂತಿತು. ಬಕಲ್ ನೆನೆಯಲು ಹಾಕಿದ್ದೇನೆ. ಆದರೆ ನಮ್ಮ ಮನೆಯಲ್ಲಿ ಬೋರ್‌ವೆಲ್ ನೀರು. ಬಕೆಟ್ಟಿಗೇ ಬಿಳಿ ಪೊರೆ ಕಟ್ಟುತ್ತದೆ. ತೊಂದರೆ ಇದೆಯಾ?

ಯಲಹಂಕದ ಎಂಜಿನಿಯರ್

ಇದೆ. ಬೋರ್ ನೀರಿನ ಗಡಸುತನ ಅಂದರೆ ಸುಣ್ಣದ ಅಂಶ. ಗಾಜಿನ ಮೇಲೆ ಒಣಗಿದರೆ ಬಿಳಿ ಚುಕ್ಕೆ ಕೂರುತ್ತದೆ. ಉಪ್ಪು ಹೋಯಿತು ಅಂದುಕೊಳ್ಳುತ್ತೀರಿ, ಸುಣ್ಣ ಬಂದು ಕೂತಿರುತ್ತದೆ. ನೆನೆಸಲು ಬೋರ್ ನೀರು ಬಳಸಿ, ಕೊನೆಯಲ್ಲಿ ಎರಡು ಚೊಂಬು ಕಾವೇರಿ ನೀರೋ ಫಿಲ್ಟರ್ ನೀರೋ ಸುರಿಯಿರಿ. ಮೆತ್ತನೆಯ ಹತ್ತಿ ಬಟ್ಟೆಯಲ್ಲಿ ಒರೆಸಿ ಆರಲು ಬಿಡಿ.

ದೋಣಿ ಮಾಣಿ

ಅಷ್ಟೆಲ್ಲ ಬೇಕಿಲ್ಲ ಅಂತ ನನಗೆ ಅನಿಸುತ್ತದೆ. ನಮ್ಮಲ್ಲಿ ಬಾವಿ ನೀರೇ. ಯಾವ ಮಾಸ್ಕೂ ಹಾಳಾಗಿಲ್ಲ.

ಯಲಹಂಕದ ಎಂಜಿನಿಯರ್

ನಿಮ್ಮ ಕರಾವಳಿಯ ಬಾವಿ ನೀರು ಮೆದು ಮಾರಾಯ. ನಮ್ಮ ಯಲಹಂಕದ ಸಾವಿರ ಅಡಿ ಬೋರ್ ನೀರಿಗೆ ಗೀಸರ್ ಕಾಯಿಲ್ ವರ್ಷಕ್ಕೊಮ್ಮೆ ಹೋಗುತ್ತದೆ. ನಮ್ಮ ಮನೆಯ ಷವರ್ ಬಿಚ್ಚಿ ನೋಡಿದರೆ ಗೊತ್ತಾಗುತ್ತದೆ.

ದೋಣಿ ಮಾಣಿ

ಅದು ಗೊತ್ತಿರಲಿಲ್ಲ. ಹಾಗಾದರೆ ನೀವು ಹೇಳಿದ್ದೇ ಸರಿ.

ಬನಶಂಕರಿ ಭಾವ

ಹೊಸ ಮಾಸ್ಕಿನ ಆವಿಗೆ ಯಾರೂ ಉತ್ತರ ಕೊಟ್ಟಿಲ್ಲ. ಲೈಟರ್ ತಗೊಂಡು ಒಳಗಿನ ಗಾಜು ಸುಡಿ. ಐದು ನಿಮಿಷದ ಕೆಲಸ.

ಕಡಲತಡಿ

ಭಾವ, ಹಾಗೆ ಒಂದೇ ಸಾಲಿನಲ್ಲಿ ಹೇಳಬೇಡಿ! ಹತ್ತು ವರ್ಷದ ಮಗುವಿನ ಮಾಸ್ಕ್ ಅದು. ಮಕ್ಕಳ ಮಾಸ್ಕ್ ಎಷ್ಟೋ ಪ್ಲಾಸ್ಟಿಕ್ ಲೆನ್ಸಿನದ್ದೇ ಇರುತ್ತದೆ. ಬೆಂಕಿ ಹಿಡಿದರೆ ಕರಗಿ ಹೋಗುತ್ತದೆ.

ಅಲೆಮಾರಿಯವರೇ, ಕಾರಣ ಇದು. ಕಾರ್ಖಾನೆಯಲ್ಲಿ ಮಾಸ್ಕ್ ತಯಾರಿಸುವಾಗ ಗಾಜಿನ ಒಳಗಡೆ ಸಿಲಿಕೋನ್‌ನ ತೆಳು ಪೊರೆ ಕೂರುತ್ತದೆ. ಕಣ್ಣಿಗೆ ಕಾಣುವುದಿಲ್ಲ. ಮುಖದ ಬೆಚ್ಚಗಿನ ಆವಿ ತಣ್ಣನೆಯ ಗಾಜಿಗೆ ತಾಗಿದಾಗ ಆ ಪೊರೆಯ ಮೇಲೆ ಸಣ್ಣ ಸಣ್ಣ ಹನಿಯಾಗಿ ನಿಲ್ಲುತ್ತದೆ. ಪೊರೆ ತೆಗೆಯದೆ ಏನು ಹಚ್ಚಿದರೂ ಪ್ರಯೋಜನ ಇಲ್ಲ.

ಮೊದಲು ಗಾಜಿನ ಮೂಲೆಯಲ್ಲಿ ಟೆಂಪರ್ಡ್ ಅಂತ ಸಣ್ಣ ಅಕ್ಷರ ಇದೆಯಾ ನೋಡಿ. ಇದ್ದರೆ ನಿಜವಾದ ಗಾಜು. ಬಿಳಿ ಟೂತ್‌ಪೇಸ್ಟ್ ಹಾಕಿ, ಜೆಲ್ ಅಲ್ಲ, ಬೆರಳಿನಲ್ಲಿ ಎರಡು ಮೂರು ನಿಮಿಷ ಉಜ್ಜಿ. ತೊಳೆಯಿರಿ. ಮತ್ತೆ ಉಜ್ಜಿ. ನಾಲ್ಕೈದು ಸಲ ಬೇಕಾಗುತ್ತದೆ. ತೊಳೆದಾಗ ನೀರು ಹನಿ ಹನಿಯಾಗಿ ನಿಲ್ಲದೆ ಹಾಳೆಯ ಹಾಗೆ ಜಾರಿದರೆ ಕೆಲಸ ಆಯಿತು. ಗಾಜಿನ ಮೇಲೆ ಆವಿ ತಡೆಯುವ ಲೇಪನ ಮೊದಲೇ ಇದ್ದರೆ, ಪ್ಲಾಸ್ಟಿಕ್ ಲೆನ್ಸ್ ಆಗಿದ್ದರೆ, ಪೇಸ್ಟೂ ಬೇಡ. ಗೀರು ಬೀಳುತ್ತದೆ.

ಬನಶಂಕರಿ ಭಾವ

ನಾನು ಹೇಳಿದ್ದು ಗಾಜಿಗೆ ಮಾತ್ರ. ನನ್ನ ನಾಲ್ಕು ಮಾಸ್ಕೂ ಹಾಗೇ ಮಾಡಿದ್ದು. ಜ್ವಾಲೆಯ ತುದಿ ಓಡಾಡಿಸುತ್ತಾ ಹೋದರೆ ಗಾಜು ಕಪ್ಪಾಗುತ್ತದೆ, ಒರೆಸಿದರೆ ಪೊರೆ ಸಮೇತ ಹೋಗುತ್ತದೆ. ಪೇಸ್ಟ್ ಉಜ್ಜಿ ಉಜ್ಜಿ ಸಾಕಾದವರಿಗೆ ಇದು ಒಳ್ಳೆಯ ದಾರಿ. ಆದರೆ ಮಕ್ಕಳ ಮಾಸ್ಕ್ ಅನ್ನುವುದನ್ನು ನಾನು ಗಮನಿಸಬೇಕಿತ್ತು, ಅದು ಒಪ್ಪುತ್ತೇನೆ.

ಕಡಲತಡಿ

ಒಂದೇ ಜಾಗದಲ್ಲಿ ಹಿಡಿದರೆ ಗಾಜು ಸೀಳುತ್ತದೆ, ಅಂಚಿಗೆ ತಾಗಿದರೆ ಸಿಲಿಕೋನ್ ಸುಡುತ್ತದೆ. ಅನುಭವ ಇಲ್ಲದವರು ಪೇಸ್ಟಿನಲ್ಲೇ ಇರಲಿ ಅನ್ನುವುದು ನನ್ನ ಮಾತು.

ಪಡುಕರೆ ಅಕ್ಕ

ಪೊರೆ ತೆಗೆದ ಮೇಲೂ ಪ್ರತಿ ಸಲ ನೀರಿಗಿಳಿಯುವ ಮೊದಲು ಏನಾದರೂ ಹಚ್ಚಲೇಬೇಕು. ಎಂಜಲು ಹಚ್ಚಿದರೂ ಆಗುತ್ತದೆ. ಬೇಬಿ ಶಾಂಪೂ ಎರಡು ಹನಿ ನೀರಿನಲ್ಲಿ ಬೆರೆಸಿ ಹಚ್ಚಿ, ಒಮ್ಮೆ ಅದ್ದಿ ತೆಗೆದರೂ ಆಗುತ್ತದೆ. ಕಣ್ಣು ಉರಿಯುವುದಿಲ್ಲ. ನಾವು ಚಿಕ್ಕವರಿದ್ದಾಗ ಮರುವಾಯಿ ಹೆಕ್ಕಲು ಹೊಳೆಬಾಗಿಲಿಗೆ ಹೋಗುತ್ತಿದ್ದೆವು. ಅಣ್ಣ ಒಂದು ಈಜುಗನ್ನಡಕ ತಂದಿದ್ದ. ಅದಕ್ಕೆ ದಾಸವಾಳದ ಎಲೆ ಅರೆದು ಲೋಳೆ ಹಚ್ಚುತ್ತಿದ್ದೆವು. ತಲೆಗೆ ಹಾಕಿಕೊಳ್ಳುವ ಅದೇ ಲೋಳೆ. ಚೆನ್ನಾಗಿ ಕಾಣುತ್ತಿತ್ತು.

ಶರಾವತಿ

ಅಕ್ಕ, ದಾಸವಾಳದ ಲೋಳೆ! ಎಷ್ಟು ಚೆಂದ. ಕೊರಿಯಾದ ಜೆಜು ದ್ವೀಪದಲ್ಲಿ ಆಮ್ಲಜನಕದ ಸಿಲಿಂಡರ್ ಇಲ್ಲದೆ ಮುಳುಗಿ ಚಿಪ್ಪು ತೆಗೆಯುವ ಹೆಂಗಸರು ಇದ್ದಾರೆ, ಹೆನ್ಯೊ ಅನ್ನುತ್ತಾರೆ. ಅವರು ಕನ್ನಡಕಕ್ಕೆ ಮಾಚಿಪತ್ರೆ ಜಾತಿಯ ಎಲೆ ಉಜ್ಜುತ್ತಾರೆ. ಜಪಾನಿನ ಅಮಾ ಹೆಂಗಸರೂ ಅದನ್ನೇ ಮಾಡುತ್ತಾರೆ. ಹೆನ್ಯೊ ಪದ್ಧತಿಯನ್ನು 2016ರಲ್ಲಿ ಯುನೆಸ್ಕೊ ತನ್ನ ಪಟ್ಟಿಗೆ ಸೇರಿಸಿತು. ಅಲ್ಲಿಯವರು ಮಾಚಿಪತ್ರೆ, ನಮ್ಮವರು ದಾಸವಾಳ. ಯಾರಿಗೆ ಯಾರು ಹೇಳಿಕೊಟ್ಟರೋ!

ಪಡುಕರೆ ಅಕ್ಕ

ಮಾಚಿಪತ್ರೆ ನಮ್ಮ ಅಂಗಳದಲ್ಲೂ ಇದೆ ಮಗಾ. ನಾಳೆಯೇ ಉಜ್ಜಿ ನೋಡುತ್ತೇನೆ.

ಗುಬ್ಬಿಗೂಡು

ಮರುವಾಯಿ ಅಂದರೆ ಏನು?

ಪಡುಕರೆ ಅಕ್ಕ

ಹೊಳೆ ಸಮುದ್ರ ಸೇರುವಲ್ಲಿ ಕೆಸರಲ್ಲಿ ಸಿಗುವ ಚಿಪ್ಪು. ತೆಂಗಿನಕಾಯಿ ಹಾಕಿ ಸುಕ್ಕ ಮಾಡುತ್ತೇವೆ. ಬನ್ನಿ, ಮಾಡಿ ಬಡಿಸುತ್ತೇನೆ.

ಬೆಣ್ಣೆನಗರಿ

ವಿಷಯಕ್ಕೆ ಬರೋಣ. ತಲೆಗೆ ಕೊಬ್ಬರಿ ಎಣ್ಣೆ ಹಾಕಿಕೊಂಡು ಮಾಸ್ಕ್ ಹಾಕಬಹುದಾ? ಉಪ್ಪುನೀರಿಗೆ ಕೂದಲು ಒರಟಾಗುತ್ತದೆ ಅಂತ ನನ್ನ ತಾಯಿ ತಪ್ಪದೆ ಎಣ್ಣೆ ಹಚ್ಚಿಯೇ ಕಳಿಸುತ್ತಾರೆ.

ದೋಣಿ ಮಾಣಿ

ಅಮ್ಮನಿಗೆ ನೋವಾಗದಂತೆ ಹೇಳಿ, ಆ ದಿನ ಬೇಡ. ಎಣ್ಣೆ ಹಣೆಗಿಳಿಯುತ್ತದೆ, ಮಾಸ್ಕಿನ ಅಂಚು ಜಾರುತ್ತದೆ, ನೀರು ನುಗ್ಗುತ್ತದೆ. ಆಗ ಜನ ಸ್ಟ್ರಾಪ್ ಇನ್ನೂ ಬಿಗಿಯುತ್ತಾರೆ. ಬಿಗಿದಷ್ಟೂ ಅಂಚು ಮಡಚಿ ಇನ್ನೂ ಜಾಸ್ತಿ ಸೋರುತ್ತದೆ. ಮಾಸ್ಕ್ ನಿಲ್ಲುವುದು ಒಳಗಿನ ಗಾಳಿಯ ಎಳೆತದಿಂದ, ಸ್ಟ್ರಾಪ್ ಸುಮ್ನೆ ಆಸರೆಗೆ. ಎಣ್ಣೆ ಬದಲು ತಲೆಗೆ ತೆಳು ಬಟ್ಟೆ ಕಟ್ಟಿಕೊಳ್ಳಿ, ಸ್ಟ್ರಾಪಿಗೆ ಬಟ್ಟೆಯ ಕವರ್ ಹಾಕಿ. ಕೂದಲೂ ಕಿತ್ತು ಬರುವುದಿಲ್ಲ.

ಮೀಸೆ ಗೌಡ

ಮೀಸೆ ಇರುವವರು ಏನು ಮಾಡಬೇಕು? ಮೂಗಿನ ಕೆಳಗಿಂದಲೇ ನೀರು ಬರುತ್ತದೆ. ಒಬ್ಬರು ವ್ಯಾಸಲಿನ್ ಹಚ್ಚಿ ಅಂದರು.

ಕಡಲತಡಿ

ವ್ಯಾಸಲಿನ್ ಪೆಟ್ರೋಲಿಯಂನಿಂದ ಬಂದದ್ದು. ರಬ್ಬರ್ ಭಾಗಗಳಿಗೆ ಆಗುವುದಿಲ್ಲ, ಗಾಜಿಗೆ ತಾಗಿದರೆ ಜಿಡ್ಡು ಬಿಡಿಸುವುದು ಕಷ್ಟ. ಹಚ್ಚಲೇಬೇಕಾದರೆ ಸಿಲಿಕೋನ್ ಗ್ರೀಸ್, ಅದೂ ಚೂರೇ ಚೂರು. ಇಲ್ಲದಿದ್ದರೆ ಮೂಗಿನ ಬುಡದಲ್ಲಿ ಒಂದು ಗೆರೆಯಷ್ಟು ಬೋಳಿಸಿ ಗೌಡ್ರೇ. ಮೀಸೆ ಹಾಗೇ ಇರುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ.

ಮೀಸೆ ಗೌಡ

ಒಂದು ಗೆರೆ ಆದರೆ ಅಡ್ಡಿಯಿಲ್ಲ.

ತಂಪಾ ಕನ್ನಡಿಗ

ಫ್ಲೋರಿಡಾದಿಂದ ಬರೆಯುತ್ತಿದ್ದೇನೆ. ಇನ್ನೆರಡು ವಸ್ತು ಸೇರಿಸುತ್ತೇನೆ. ಸೊಳ್ಳೆ ಓಡಿಸುವ ಮದ್ದಿನಲ್ಲಿ ಡೀಟ್ ಅನ್ನುವ ರಾಸಾಯನಿಕ ಇದ್ದರೆ ಅದು ಪ್ಲಾಸ್ಟಿಕ್ಕನ್ನೇ ಕರಗಿಸುತ್ತದೆ. ಅಂಡಮಾನ್‌ನಲ್ಲಿ ಮರಳು ನೊಣಕ್ಕೆ ಅಂತ ಮೈಗೆಲ್ಲ ಹಚ್ಚಿಕೊಂಡು ಅದೇ ಕೈಯಲ್ಲಿ ಮಾಸ್ಕ್ ಹಿಡಿಯಬೇಡಿ. ನನ್ನ ಒಂದು ಮಾಸ್ಕಿನ ಚೌಕಟ್ಟಿನಲ್ಲಿ ಇವತ್ತಿಗೂ ಹೆಬ್ಬೆರಳಿನ ಗುರುತು ಇದೆ. ಸನ್‌ಸ್ಕ್ರೀನ್ ಕೂಡ ಜಿಡ್ಡು. ಹಚ್ಚಿದ ಮೇಲೆ ಒಣಗಲು ಬಿಟ್ಟು, ಕೈ ತೊಳೆದು ಆಮೇಲೆ ಮಾಸ್ಕ್ ಮುಟ್ಟಿ. ಹವಳಕ್ಕೂ ಕೆಲವು ಸನ್‌ಸ್ಕ್ರೀನ್ ಒಳ್ಳೆಯದಲ್ಲ. ಹವಾಯಿಯಲ್ಲಿ ಆಕ್ಸಿಬೆಂಜೋನ್, ಆಕ್ಟಿನಾಕ್ಸೇಟ್ ಇರುವ ಸನ್‌ಸ್ಕ್ರೀನ್ ಮಾರುವುದನ್ನು 2021ರ ಜನವರಿಯಿಂದ ನಿಲ್ಲಿಸಿದ್ದಾರೆ. ಉದ್ದ ತೋಳಿನ ಈಜು ಅಂಗಿ ಹಾಕಿದರೆ ಅರ್ಧ ಸನ್‌ಸ್ಕ್ರೀನ್ ಉಳಿಯುತ್ತದೆ.

ಇಲ್ಲಿ ತೊಳೆಯುವುದಕ್ಕೆ ಇನ್ನೊಂದು ಕಾರಣ ಇದೆ. 2014ರಲ್ಲಿ ಮಯಾಮಿ ಹತ್ತಿರ ಒಂದು ಹವಳದ ರೋಗ ಕಾಣಿಸಿಕೊಂಡಿತು. ಹವಳದ ಜೀವಂತ ಪದರ ಕಳಚಿ ಬಿಳಿ ಅಸ್ಥಿ ಉಳಿಯುತ್ತದೆ. ಅದು ಕೆರಿಬಿಯನ್ ತನಕ ಹರಡಿದೆ. ಅದಕ್ಕೇ ಒಂದು ಜಾಗದಲ್ಲಿ ಬಳಸಿದ ಸಾಮಾನನ್ನು ಶುದ್ಧ ಮಾಡಿ ಒಣಗಿಸದೆ ಇನ್ನೊಂದು ಜಾಗಕ್ಕೆ ತರಬೇಡಿ ಅಂತ ಇಲ್ಲಿ ಹೇಳುತ್ತಾರೆ. ನಾವು ತೊಳೆಯುವುದು ನಮ್ಮ ಮಾಸ್ಕಿಗಾಗಿ ಮಾತ್ರ ಅಲ್ಲ.

ಶರಾವತಿ

ಇದು ಗೊತ್ತೇ ಇರಲಿಲ್ಲ. ನೇತ್ರಾಣಿಯ ಹವಳ ನೆನಪಾಗಿ ಎದೆ ಝಲ್ ಅಂದಿತು.

ಬೆಣ್ಣೆನಗರಿ

ಬಾಡಿಗೆಗೆ ಕೊಡುವವರೂ ಇಷ್ಟು ತೊಳೆದರೆ ಸಾಕು. ಒಂದು ಊರಿನಲ್ಲಿ, ಹೆಸರು ಬೇಡ, ನನಗೆ ಕೊಟ್ಟ ಮೌತ್‌ಪೀಸ್ ಗುಟ್ಕಾ ವಾಸನೆ ಹೊಡೆಯುತ್ತಿತ್ತು. ಕೇಳಿದರೆ ಸಮುದ್ರದಲ್ಲಿ ತೊಳೆದುಕೊಳ್ಳಿ ಅಂದರು. ಅವತ್ತೇ ಸ್ವಂತದ್ದು ಕೊಳ್ಳಬೇಕು ಅಂತ ತೀರ್ಮಾನ ಮಾಡಿದೆ.

ಡಾಕ್ಟರಮ್ಮ ಮೈಸೂರು

ಕೊಳ್ಳಲು ಆಗದಿದ್ದರೆ ಸ್ವಂತ ಸ್ನಾರ್ಕೆಲ್ ಆದರೂ ಇಟ್ಟುಕೊಳ್ಳಿ. ಮಾಸ್ಕ್ ಬಾಡಿಗೆಯದಾದರೂ ನಡೆಯುತ್ತದೆ.

ಯಲಹಂಕದ ಎಂಜಿನಿಯರ್

ಇಷ್ಟೆಲ್ಲ ತಲೆನೋವು ಯಾಕೆ? ಪೂರ್ತಿ ಮುಖ ಮುಚ್ಚುವ ಮಾಸ್ಕ್ ತಗೊಳ್ಳಿ. ಬಾಯಿಗೆ ಏನೂ ಕಚ್ಚಬೇಕಾಗಿಲ್ಲ, ಮೂಗಿನಲ್ಲೇ ಉಸಿರಾಡಬಹುದು, ಆವಿಯೂ ಕಡಿಮೆ. ನನ್ನ ಮಗ ಅದರಲ್ಲೇ ಕಲಿತದ್ದು.

ಕಡಲತಡಿ

ನಾನು ಒಪ್ಪುವುದಿಲ್ಲ. ಅದರಲ್ಲಿ ತಾಜಾ ಗಾಳಿಗೂ ಬಿಟ್ಟ ಉಸಿರಿಗೂ ಬೇರೆ ಬೇರೆ ದಾರಿ, ನಡುವೆ ಸಣ್ಣ ವಾಲ್ವ್‌ಗಳು. ಅವುಗಳಲ್ಲಿ ಉಪ್ಪೋ ಮರಳೋ ಸಿಕ್ಕಿಕೊಂಡರೆ ಬಿಟ್ಟ ಉಸಿರೇ ಮತ್ತೆ ಒಳಗೆ ಬರುತ್ತದೆ. ಮಾಮೂಲಿ ಸ್ನಾರ್ಕೆಲ್ ಆದರೆ ಗಾಬರಿಯಾದಾಗ ಬಾಯಿಂದ ಉಗಿದುಬಿಡಬಹುದು. ಇದನ್ನು ಇಡೀ ತಲೆಯಿಂದ ಕಳಚಬೇಕು. ಮೂಗು ಹಿಡಿದು ಕಿವಿಯ ಒತ್ತಡ ಸರಿಮಾಡಲೂ ಆಗುವುದಿಲ್ಲ, ಹಾಗಾಗಿ ಕೆಳಗೆ ಮುಳುಗುವ ಮಾತೇ ಇಲ್ಲ. ನಿರ್ವಹಣೆ ಕಡಿಮೆ ಅಂತೀರಿ, ನಿಜವಾಗಿ ಅದಕ್ಕೇ ಜಾಸ್ತಿ ಬೇಕು.

ಯಲಹಂಕದ ಎಂಜಿನಿಯರ್

ನಾವು ಸೊಂಟದ ಆಳದಲ್ಲಿ ಮಾತ್ರ ಬಳಸುವುದು, ನಾನು ಪಕ್ಕದಲ್ಲೇ ಇರುತ್ತೇನೆ. ಆದರೆ ವಾಲ್ವ್ ಬಿಚ್ಚಿ ತೊಳೆದದ್ದು ಇಲ್ಲ, ಅದು ನಿಜ. ಇವತ್ತು ನೋಡುತ್ತೇನೆ.

ಕಡಲತಡಿ

ದಯವಿಟ್ಟು ನೋಡಿ. ಅದರ ಕಿಟಕಿ ಸಾಮಾನ್ಯವಾಗಿ ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್. ಪೇಸ್ಟ್ ಮುಟ್ಟಿಸಬೇಡಿ.

ಪಡುಕರೆ ಅಕ್ಕ

ನನ್ನದೊಂದು ಅನುಭವ ಹೇಳಲೇಬೇಕು. ಹೋದ ಸೀಸನ್ ಮುಗಿದ ಮೇಲೆ ಎಲ್ಲ ತೊಳೆದು ಒಣಗಿಸಿ, ಸ್ನಾರ್ಕೆಲನ್ನು ಜಗಲಿಯ ಮೊಳೆಗೆ ನೇತುಹಾಕಿದ್ದೆ. ಗಾಳಿಯಾಡಲಿ ಅಂತ. ಮಳೆಗಾಲ ಕಳೆದು ಮೊಮ್ಮಗ ಬಂದ. ತೊಳೆದೇ ಇಟ್ಟಿದ್ದೇನಲ್ಲ ಅಂತ ಹಾಗೇ ಕೊಟ್ಟೆ. ಅವನು ಬಾಯಿಗಿಟ್ಟು ಉಸಿರು ಎಳೆದ, ಬರಲಿಲ್ಲ. ಬೆಳಕಿಗೆ ಹಿಡಿದರೆ ಆ ಕಡೆ ಕಾಣುವುದಿಲ್ಲ. ತೆಂಗಿನ ಗರಿಯ ಕಡ್ಡಿ ಹಾಕಿ ತಳ್ಳಿದೆ. ಗಟ್ಟಿ ಮಣ್ಣು. ಕುಂಬಾರ ಹುಳ ಕೊಳವೆಯೊಳಗೆ ಗೂಡು ಕಟ್ಟಿತ್ತು! ನೀರಿನಲ್ಲಿ ನೆನೆಸಿ ಬಿಡಿಸಿದರೆ ಮೂರು ಕೋಣೆ. ಪ್ರತಿ ಕೋಣೆಯಲ್ಲೂ ಮರಿಗೆ ಊಟಕ್ಕೆ ಅಂತ ಸಣ್ಣ ಸಣ್ಣ ಜೇಡ ತುಂಬಿಸಿಟ್ಟಿತ್ತು. ಕಾಲು ಮಡಚಿಕೊಂಡು ಒಂದರ ಮೇಲೊಂದು. ಮೊಮ್ಮಗ ಜೋರಾಗಿ ಎಳೆದುಕೊಂಡಿದ್ದರೆ ಏನಾಗುತ್ತಿತ್ತು ಅಂತ ಇವತ್ತಿಗೂ ಮೈ ನಡುಗುತ್ತದೆ.

ಅಂದಿನಿಂದ ಕೊಳವೆಯ ಎರಡೂ ತುದಿಗೆ ತೆಳು ಬಟ್ಟೆ ಕಟ್ಟಿ ರಬ್ಬರ್ ಬ್ಯಾಂಡ್ ಹಾಕಿ ಒಳಗಿನ ಕಪಾಟಿನಲ್ಲಿ ಇಡುತ್ತೇನೆ. ಗಾಳಿಯೂ ಆಡುತ್ತದೆ, ಹುಳವೂ ಹೋಗುವುದಿಲ್ಲ. ಬಳಸುವ ಮೊದಲು ಬೆಳಕಿಗೆ ಹಿಡಿದು ನೋಡದೆ ಯಾರ ಬಾಯಿಗೂ ಕೊಡುವುದಿಲ್ಲ.

ಶರಾವತಿ

ಅಯ್ಯೋ ಅಕ್ಕ. ನಮ್ಮದೂ ಬಾಲ್ಕನಿಯಲ್ಲೇ ನೇತಾಡುತ್ತಿದೆ. ಈಗಲೇ ಎದ್ದೆ.

ಬನಶಂಕರಿ ಭಾವ

ಬೆಂಗಳೂರಿನಲ್ಲಿ ಕುಂಬಾರ ಹುಳ ಕಡಿಮೆ, ಜಿರಳೆ ಜಾಸ್ತಿ. ಬಟ್ಟೆ ಕಟ್ಟುವ ಉಪಾಯ ಎಲ್ಲರಿಗೂ ಆಗುತ್ತದೆ. ನುಸಿ ಗುಳಿಗೆ ಮಾತ್ರ ಹಾಕಬೇಡಿ. ಒಮ್ಮೆ ಹಾಕಿ ಇಟ್ಟೆ, ವಾಸನೆ ಸಿಲಿಕೋನ್‌ಗೆ ಹತ್ತಿ ಒಂದು ಇಡೀ ಸೀಸನ್ ಹೋಗಲಿಲ್ಲ.

ದೋಣಿ ಮಾಣಿ

ಮೇಲ್ತುದಿಯಲ್ಲಿ ತೇಲುವ ಮುಚ್ಚಳ ಇರುವ ಸ್ನಾರ್ಕೆಲ್ ಇದ್ದವರು ಇನ್ನೊಂದು ನೋಡಿ. ಕೊಳವೆಯನ್ನು ತಲೆಕೆಳಗು ಮಾಡಿ ಅಲ್ಲಾಡಿಸಿದರೆ ಒಳಗಿನ ತೇಲು ಟಕ್ ಟಕ್ ಅನ್ನಬೇಕು. ತಲೆಕೆಳಗಾಗಿ ಹಿಡಿದು ಎಳೆದರೆ ಗಾಳಿ ಬರಬಾರದು, ನೆಟ್ಟಗೆ ಹಿಡಿದು ಎಳೆದರೆ ಬರಬೇಕು. ಉಪ್ಪು ಕಟ್ಟಿದರೆ ಮುಚ್ಚಳ ಮುಚ್ಚಿದ ಕಡೆಯೇ ಸಿಕ್ಕಿಕೊಳ್ಳುತ್ತದೆ. ನೀರಿನಲ್ಲಿ ಗೊತ್ತಾಗುವ ಬದಲು ಮನೆಯಲ್ಲೇ ಗೊತ್ತಾಗಲಿ.

ಜಯನಗರದ ಅಲೆಮಾರಿ

ವಾರ ಆಯಿತು, ಏನಾಯಿತು ಅಂತ ಹೇಳುತ್ತೇನೆ.

ಬಕಲ್ ಒಂದು ರಾತ್ರಿಗೆ ಬಿಡಲಿಲ್ಲ. ಎರಡನೇ ದಿನ ನೀರು ಬದಲಿಸಿ ಬೆಳಿಗ್ಗೆ ಮೆಲ್ಲಗೆ ಒತ್ತಿದೆ. ಕಟಕ್ ಅಂದಿತು! ಒಳಗಿಂದ ಬಿಳಿ ನೀರು ಬಂತು. ಹಲ್ಲುಜ್ಜುವ ಹಳೆ ಬ್ರಷ್‌ನಲ್ಲಿ ಹಲ್ಲು ಹಲ್ಲಿನ ನಡುವೆ ತಿಕ್ಕಿದೆ. ಅಲ್ಲಿ ಎರಡು ವರ್ಷದ ಹಿಂದಿನ ಅಂಡಮಾನ್ ಮರಳು ಇನ್ನೂ ಇತ್ತು. ಬಿಳಿ, ಹವಳದ ಪುಡಿ ಥರ. ಮಗಳು ಅದನ್ನು ಒಂದು ಕಾಗದದಲ್ಲಿ ಕಟ್ಟಿಟ್ಟುಕೊಂಡಿದ್ದಾಳೆ.

ಸ್ನಾರ್ಕೆಲ್ ಎರಡನ್ನೂ ವಿನೆಗರ್ ನೀರಿನಲ್ಲಿ ಹಾಕಿದೆ. ನನ್ನದು ಪೂರ್ತಿ ಹೋಯಿತು. ಹೆಂಡತಿಯದರಲ್ಲಿ ಕಚ್ಚುವ ಜಾಗದಲ್ಲಿ ಚುಕ್ಕೆ ಉಳಿಯಿತು, ಅಲ್ಲೇ ಸಣ್ಣ ಸೀಳೂ ಇತ್ತು. ಹೊಸ ಮೌತ್‌ಪೀಸ್ ತರಿಸಿ ಪ್ಲಾಸ್ಟಿಕ್ ಟೈ ಹಾಕಿ ಬಿಗಿದೆ.

ಮಗಳ ಮಾಸ್ಕ್ ನಿಜವಾದ ಗಾಜು. ಪೇಸ್ಟ್ ಐದು ಸಲ. ನಾಲ್ಕನೇ ಸಲ ತನಕ ಏನೂ ವ್ಯತ್ಯಾಸ ಇರಲಿಲ್ಲ. ಐದನೇ ಸಲ ನೀರು ಹಾಳೆಯ ಹಾಗೆ ಜಾರಿತು. ಕಡಲತಡಿಯವರೇ, ನೀವು ಹೇಳಿದ್ದು ಅಕ್ಷರಶಃ ಹಾಗೇ. ಬೇಬಿ ಶಾಂಪೂ ಹಚ್ಚಿ ಬಕೆಟ್ಟಿನಲ್ಲಿ ಮುಖ ಮುಳುಗಿಸಿ ಕೂತಳು. ಆವಿ ಇಲ್ಲ.

ಫಿನ್ ಮಾತ್ರ ಉಳಿದಿದೆ. ತುದಿ ಬಾಗಿದ್ದಕ್ಕೆ ಏನಾದರೂ ಉಪಾಯ?

ತಂಪಾ ಕನ್ನಡಿಗ

ಕುದಿಯುವ ನೀರು ಬೇಡ. ಕೈ ಅದ್ದಿದರೆ ತಟ್ಟನೆ ತೆಗೆಯಬೇಕು ಅನಿಸುವಷ್ಟು ಬಿಸಿ ಸಾಕು. ಬಾಗಿದ ಭಾಗ ಐದು ನಿಮಿಷ ಅದ್ದಿ, ಸಮನಾದ ನೆಲದ ಮೇಲಿಟ್ಟು ದಪ್ಪ ಪುಸ್ತಕ ಹೇರಿ ತಣ್ಣಗಾಗಲು ಬಿಡಿ. ಎರಡು ಮೂರು ಸಲ ಮಾಡಬೇಕಾಗಬಹುದು. ಮುಂದೆ ಎಂದೂ ತುದಿಯ ಮೇಲೆ ಗೋಡೆಗೆ ಒರಗಿಸಬೇಡಿ. ಪಾದದ ಜಾಗಕ್ಕೆ ಕೊಂಡಾಗ ಬಂದ ಪ್ಲಾಸ್ಟಿಕ್ ಅಚ್ಚು ಇದ್ದರೆ ಹಾಕಿ ಮಲಗಿಸಿ ಇಡಿ.

ಜಯನಗರದ ಅಲೆಮಾರಿ

ಆ ಅಚ್ಚು ಎಸೆದುಬಿಟ್ಟಿದ್ದೇನೆ.

ತಂಪಾ ಕನ್ನಡಿಗ

ಹಳೆ ಟವೆಲ್ ಸುತ್ತಿ ತುರುಕಿ, ಸಾಕು. ಒಣಗಿದ ಟವೆಲ್ ಆಗಿರಲಿ.

ಜಯನಗರದ ಅಲೆಮಾರಿ

ಎರಡು ಸಲಕ್ಕೆ ಬಹುಪಾಲು ನೆಟ್ಟಗಾಯಿತು. ಎಲ್ಲ ಸಿದ್ಧ. ಎಸೆಯಬೇಕಾ ಅಂತ ಕೇಳಿದವನು ನಾನು, ಕೊನೆಗೆ ಎಸೆದದ್ದು ಒಂದು ಮೌತ್‌ಪೀಸ್ ಮಾತ್ರ. ಎಲ್ಲರಿಗೂ ಮನಸಾರೆ ಧನ್ಯವಾದ. ದೋಣಿ ಮಾಣಿಯವರೇ, ಅಲ್ಲಿ ಸಿಗೋಣ.

ದೋಣಿ ಮಾಣಿ

ಬನ್ನಿ ಬನ್ನಿ. ನೇತ್ರಾಣಿ ದಡದಿಂದ ಹತ್ತಿರ ಹತ್ತಿರ 19 ಕಿಲೋಮೀಟರ್, ದೋಣಿಯಲ್ಲಿ ಒಂದು ಗಂಟೆ ಮೇಲೆ ಬೇಕು. ಬಂಡೆ ಪಕ್ಕದಲ್ಲೇ ಆಳ ಇದೆ, ಮಗಳಿಗೆ ಲೈಫ್ ಜಾಕೆಟ್ ಬಿಗಿಯಾಗಿ ಕಟ್ಟಿಸುತ್ತೇನೆ. ನಿಮ್ಮ ಸಾಮಾನಿಗೆ ಗುರುತು ಮಾಡಿಕೊಂಡು ಬನ್ನಿ. ದೋಣಿಯಲ್ಲಿ ಎಲ್ಲ ಮಾಸ್ಕೂ ಒಂದೇ ಥರ ಕಾಣುತ್ತವೆ, ಬಾಡಿಗೆಯದರ ಜೊತೆ ಸೇರಿಹೋಗುತ್ತವೆ.

ಜಯನಗರದ ಅಲೆಮಾರಿ

ಮಾರ್ಕರ್ ಪೆನ್ನಲ್ಲಿ ಹೆಸರು ಬರೆಯಬಹುದಾ?

ಪಡುಕರೆ ಅಕ್ಕ

ಸಿಲಿಕೋನ್ ಮೇಲೆ ಬೇಡಪ್ಪ. ಸ್ಟ್ರಾಪಿನ ಬಟ್ಟೆ ಕವರ್‌ಗೆ ಕೆಂಪು ದಾರದಲ್ಲಿ ನಾಲ್ಕು ಹೊಲಿಗೆ ಹಾಕಿ. ಮಗಳ ಕೈಲೇ ಹಾಕಿಸಿ.